ಕಡಲ ಬದಿಯ ಮನೆ, ಮಾವಿನ ಮರದ ನೆರಳು, ಹೊಸ ಕಾರು: ಸೆರಾಮಿಕ್ ಕೋಟಿಂಗ್ ಬೇಕೇ?

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಹತ್ತಿರ, ಸಮುದ್ರಕ್ಕೆ ಎರಡು ಕಿಲೋಮೀಟರ್ ಕೂಡ ಇಲ್ಲ. ಮುಂದಿನ ವಾರ ಹೊಸ ಕಾರು ಬರಲಿದೆ, ಕಡುನೀಲಿ ಬಣ್ಣದ್ದು. ಸಾಲ ಮಾಡಿ ತೆಗೆದುಕೊಳ್ಳುತ್ತಿದ್ದೇವೆ, ಕಡಿಮೆಯೆಂದರೂ ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ. ಶೋರೂಮಿನವರು ಬಣ್ಣದ ಮೇಲೆ ಹಚ್ಚುವ ಸೆರಾಮಿಕ್ ಕೋಟಿಂಗಿಗೆ 34,000, ಕಾರಿನ ತಳಕ್ಕೆ ಹೊಡೆಯುವ ಅಂಡರ್‌ಬಾಡಿ ಕೋಟಿಂಗಿಗೆ 6,500 ರೂಪಾಯಿ ಹೇಳಿದ್ದಾರೆ. ಸೆರಾಮಿಕ್ ದುಬಾರಿಯಾದರೆ 5,500ಕ್ಕೆ ಟೆಫ್ಲಾನ್ ಮಾಡಿಸಿ ಎನ್ನುತ್ತಾರೆ. ಉಪ್ಪುಗಾಳಿಗೆ ಸೆರಾಮಿಕ್ ಇಲ್ಲದಿದ್ದರೆ ಎರಡೇ ವರ್ಷದಲ್ಲಿ ತುಕ್ಕು ಎಂಬುದು ಅವರ ಮಾತು. ಪರಿಚಯದವರೊಬ್ಬರು ಪಿಪಿಎಫ್ (ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ) ಹಾಕಿಸಿ, ಒಂದೂವರೆ ಲಕ್ಷ ಹೋದರೂ ನಿಶ್ಚಿಂತೆ ಎನ್ನುತ್ತಾರೆ. ತಂದೆಯವರು ‘ನಮ್ಮ ಅಂಬಾಸಿಡರಿಗೆ ಯಾವ ಕೋಟಿಂಗ್ ಇತ್ತು?’ ಎಂದು ನಗುತ್ತಾರೆ. ಕಾರು ನಿಲ್ಲುವುದು ಅಂಗಳದ ಮಾವಿನ ಮರದ ಕೆಳಗೆ. ತಿಂಗಳಿಗೊಮ್ಮೆ ಶಿರಾಡಿ ಘಾಟಿಯ ಮೂಲಕ ಬೆಂಗಳೂರಿಗೆ ಹೋಗಿಬರುತ್ತೇವೆ. ಇವುಗಳಲ್ಲಿ ಯಾವುದು ನಿಜಕ್ಕೂ ಬೇಕು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಾನೂ ಇದೇ ಕಸುಬಿನವನು. ಇಪ್ಪತ್ತಾರು ವರ್ಷಗಳಿಂದ ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸ. ಕೆಲವು ವರ್ಷಗಳಿಂದ ಸೆರಾಮಿಕ್, ಪಿಪಿಎಫ್ ಕೂಡ ಮಾಡಿಕೊಡುತ್ತೇನೆ. ಈ ಉತ್ತರ ಓದಿದ ಮೇಲೆ ನನ್ನ ಅಂಗಡಿಗೆ ಬರುವವರು ನಾಲ್ಕು ಜನ ಕಡಿಮೆಯಾದರೂ ಆಗಬಹುದು. ಆಗಲಿ.

ನಿಮ್ಮ ಪತ್ರದಲ್ಲಿ ಮೂರು ಭಯಗಳಿವೆ: ತುಕ್ಕು, ಹೊಳಪು ಮಾಸುವುದು, ಗೀರು ಬೀಳುವುದು. ಶೋರೂಮಿನವರು ಮೂರನ್ನೂ ಒಂದೇ ಚೀಟಿಯಲ್ಲಿ ಬರೆದು ಒಂದೇ ಮದ್ದು ಕೊಟ್ಟಿದ್ದಾರೆ. ಆದರೆ ಈ ಮೂರೂ ಬೇರೆ ಬೇರೆ ಕಾಯಿಲೆಗಳು.

ತುಕ್ಕಿನಿಂದ ಆರಂಭಿಸೋಣ, ಏಕೆಂದರೆ ನಿಮ್ಮನ್ನು ಹೆದರಿಸಿರುವುದು ಅದೇ.

ಕಾರ್ಖಾನೆಯಲ್ಲಿ ಕಾರಿನ ಬರಿಯ ತಗಡಿನ ಒಡಲನ್ನು ಇಡಿಯಾಗಿ ಒಂದು ದೊಡ್ಡ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ತೊಟ್ಟಿಯಲ್ಲಿರುವ ದ್ರಾವಣಕ್ಕೆ ವಿದ್ಯುತ್ ಹಾಯಿಸಿದಾಗ ಪ್ರೈಮರ್ ತಗಡಿನ ಒಳಮೂಲೆಗಳಿಗೂ ಹೋಗಿ ಕೂರುತ್ತದೆ. ಇದು ಸುಮಾರು 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ದಪ್ಪದ ಪದರ. ತುಕ್ಕು ತಡೆಯುವ ನಿಜವಾದ ಕಾವಲುಗಾರ ಇದೇ. ಇದರ ಮೇಲೆ ಇನ್ನೊಂದು ಪ್ರೈಮರ್, ಅದರ ಮೇಲೆ ನೀವು ಆರಿಸಿದ ನೀಲಿ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿಸಿದರೂ 100ರಿಂದ 130 ಮೈಕ್ರಾನ್. ತಲೆಕೂದಲಿನ ದಪ್ಪವೇ ಹೆಚ್ಚುಕಡಿಮೆ 70 ಮೈಕ್ರಾನ್ ಎಂದರೆ ಅಂದಾಜು ಸಿಗುತ್ತದೆ. ಸೆರಾಮಿಕ್ ಎಂದು ಹಚ್ಚುವುದು ಈ ಕ್ಲಿಯರ್ ಕೋಟಿನ ನೆತ್ತಿಯ ಮೇಲೆ, ಒಂದೆರಡು ಮೈಕ್ರಾನ್ ಮಾತ್ರ.

ಉಪ್ಪುಗಾಳಿ ಬಾನೆಟ್ಟಿನ ನಡುಮಧ್ಯದಲ್ಲಿ ಇಷ್ಟೂ ಪದರಗಳನ್ನು ಕೊರೆದುಕೊಂಡು ತಗಡು ಮುಟ್ಟುವುದಿಲ್ಲ. ನಮ್ಮಲ್ಲಿಗೆ ತುಕ್ಕು ಹಿಡಿದು ಬರುವ ಕಾರುಗಳಲ್ಲಿ ನಾನು ಮೊದಲು ನೋಡುವುದು ಬಾಗಿಲಿನ ಕೆಳಅಂಚು. ಬಾಗಿಲು ತೆರೆದು, ಅಂಗಾತ ಮಲಗಿ, ಅಂಚಿನ ಅಡಿಯಲ್ಲಿ ಬೆರಳಾಡಿಸಿದರೆ ಸಣ್ಣ ಸಣ್ಣ ತೂತುಗಳು ಸಿಗುತ್ತವೆ. ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದ ಮಳೆನೀರು ಹೊರಗೆ ಹರಿಯಲಿ ಎಂದು ಬಿಟ್ಟ ದಾರಿ ಅದು. ಕಳೆದ ಮಳೆಗಾಲದಲ್ಲಿ ಬಂದ ಐದು ವರ್ಷದ ಕಾರೊಂದರ ತೂತಿಗೆ ತಂತಿ ಚುಚ್ಚಿದೆ. ಮೊದಲು ಕೆಂಪು ಮಣ್ಣಿನ ಮುದ್ದೆ, ಅದರ ಹಿಂದೆ ಒಂದು ಕೊಳೆತ ಎಲೆ, ಆಮೇಲೆ ಕಾಫಿ ಕಷಾಯದ ಬಣ್ಣದ ನೀರು ಅರ್ಧ ಲೋಟದಷ್ಟು ನನ್ನ ತೋಳಿನ ಮೇಲೆ ಸುರಿಯಿತು. ಆ ಕಾರಿನ ಹೊರಮೈಗೆ ಸೆರಾಮಿಕ್ ಆಗಿತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು. ಬಾಗಿಲು ಒಳಗಿನಿಂದ ಕೊಳೆಯುತ್ತಿತ್ತು.

ಡಿಕ್ಕಿ ಬಾಗಿಲಿನ ಕೆಳತುದಿ, ಚಕ್ರದ ಕಮಾನಿನ ಒಳಮಡಿಕೆ, ಕಲ್ಲು ಬಡಿದು ತಗಡಿನವರೆಗೆ ಕಿತ್ತುಹೋದ ಜಾಗ, ಅಪಘಾತದ ನಂತರ ಅವಸರದಲ್ಲಿ ಬೆಸುಗೆ ಹಾಕಿದ ಕೂಡಿಕೆ, ಇವೇ ತುಕ್ಕಿನ ಉಳಿದ ಮನೆಗಳು. ಉಪ್ಪಿನ ಗುಣವೇ ಹಾಗೆ. ಗಾಳಿಯ ತೇವಾಂಶ ಶೇಕಡ 75 ದಾಟಿದರೆ ಅದು ತಾನಾಗಿ ನೀರೆಳೆದುಕೊಂಡು ಕರಗುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಏನಾಗುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಮಡಿಕೆಯಲ್ಲಿ ಕೂತ ಉಪ್ಪು ಆ ಜಾಗವನ್ನು ಬಿಸಿಲಿದ್ದರೂ ಒಣಗಲು ಬಿಡುವುದಿಲ್ಲ. ಅದಕ್ಕೆ ಮದ್ದು ಮೇಲಿನ ಹೊಳಪಲ್ಲ, ತಳ ತೊಳೆಯುವುದು.

ನಿಮ್ಮ ತಂದೆಯವರ ಅಂಬಾಸಿಡರ್ ಮಾತು ಅರ್ಧ ಸರಿ. ಅದರ ತಗಡು ದಪ್ಪವಿತ್ತು, ತುಕ್ಕು ತಿಂದು ಮುಗಿಸಲು ಹೆಚ್ಚು ಕಾಲ ಹಿಡಿಯುತ್ತಿತ್ತು, ಅಷ್ಟೇ. ಕಾಲಡಿಯ ತಗಡಿಗೆ ತೇಪೆ ಬೆಸುಗೆ ಹಾಕಿಸದ ಅಂಬಾಸಿಡರನ್ನು ನಾನು ಕರಾವಳಿಯಲ್ಲಿ ಕಂಡಿದ್ದು ಕಡಿಮೆ. ಅವರನ್ನೇ ಕೇಳಿ, ನೆನಪಿರುತ್ತದೆ.

ಹಾಗಾದರೆ 6,500ರ ಅಂಡರ್‌ಬಾಡಿ? ಆ ಚೀಟಿಯಲ್ಲಿ ತುಕ್ಕಿಗೆ ನಿಜವಾಗಿ ಸಂಬಂಧಪಟ್ಟ ಬಾಬತ್ತು ಇದೊಂದೇ. ಆದರೂ ಕಣ್ಣುಮುಚ್ಚಿ ಒಪ್ಪಬೇಡಿ. ಈಗಿನ ಕಾರುಗಳ ತಳಕ್ಕೆ ಕಾರ್ಖಾನೆಯಲ್ಲೇ ಮುಖ್ಯ ಜಾಗಗಳಿಗೆ ಪಿವಿಸಿ ಲೇಪ, ಕೂಡಿಕೆಗಳಿಗೆ ಸೀಲರ್ ಹಾಕಿರುತ್ತಾರೆ. ಅದರ ಮೇಲೆ ಡಾಂಬರಿನಂಥ ಕಪ್ಪು ರಬ್ಬರ್ ಲೇಪ ಹೊಡೆಯುವುದರಿಂದ ಕಲ್ಲಿನ ಪೆಟ್ಟು ತಡೆಯುತ್ತದೆ, ಸದ್ದೂ ತುಸು ತಗ್ಗುತ್ತದೆ. ಅಪಾಯವಿರುವುದು ಹೊಡೆಯುವ ಅವಸರದಲ್ಲಿ. ತಳ ತೊಳೆದು ಪೂರ್ತಿ ಒಣಗಿಸದೆ ಹೊಡೆದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಮೇಲೆ ಕಪ್ಪಗೆ ಅಚ್ಚುಕಟ್ಟಾಗಿ ಕಾಣುತ್ತಲೇ ಕೆಳಗೆ ತಗಡು ಪದರ ಪದರವಾಗಿ ಏಳುತ್ತದೆ. ನಾನು ಹೇಳಿದ ಆ ತೂತುಗಳ ಮೇಲೂ ಹೊಡೆದುಬಿಡುತ್ತಾರೆ, ಅಲ್ಲಿಗೆ ನೀರಿನ ದಾರಿ ಶಾಶ್ವತವಾಗಿ ಬಂದ್. ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ವಾರಗಟ್ಟಲೆ ಸುಟ್ಟ ವಾಸನೆ.

ಕರಾವಳಿಯಲ್ಲಿ ಹತ್ತು ವರ್ಷ ಇಡುವ ಕಾರಿಗೆ ನಾನಾದರೆ ಬಾಗಿಲು, ಅದರ ಕೆಳಗಿನ ಮೆಟ್ಟಿಲುಪಟ್ಟಿಗಳ ಟೊಳ್ಳಿನೊಳಗೆ ತೆಳು ನಳಿಕೆಯಿಂದ ಸಿಂಪಡಿಸುವ ಕ್ಯಾವಿಟಿ ವ್ಯಾಕ್ಸ್ ಮಾಡಿಸುತ್ತೇನೆ. ಮೇಣ ಮೆತ್ತಗಿದ್ದು ಸಂದಿಗಳಿಗೆ ಹರಿಯುತ್ತದೆ, ಡಾಂಬರಿನಂತೆ ಬಿರುಕು ಬಿಡುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು. ಎಲ್ಲ ಕಡೆ ಮಾಡುವುದಿಲ್ಲ, ವಿಚಾರಿಸಿ ಹುಡುಕಬೇಕು. ಅಂಡರ್‌ಬಾಡಿಯನ್ನೂ ಮಾಡಿಸುವುದಾದರೆ ಕಾರನ್ನು ಲಿಫ್ಟಿಗೇರಿಸಿ ಮೊದಲು ತಳ ತೋರಿಸಲು ಹೇಳಿ, ಮುಗಿದ ಮೇಲೆ ಇನ್ನೊಮ್ಮೆ ನೋಡಿ. ತೋರಿಸಲು ಒಪ್ಪದವರ ಕೈಗೆ ಕಾರು ಕೊಡಬೇಡಿ.

ಇನ್ನು ಸೆರಾಮಿಕ್. ಹೆಸರು ಕೇಳಿದರೆ ಕಾರಿಗೆ ಟೈಲ್ಸ್ ಹಾಸಿದಂತೆ ಅನಿಸುತ್ತದೆ. ವಾಸ್ತವದಲ್ಲಿ ಅದು ಸಣ್ಣ ಸೀಸೆಯಲ್ಲಿ ಬರುವ ದ್ರವ. ಸಿಲಿಕಾ ಮೂಲದ ರಾಸಾಯನಿಕ ಕ್ಲಿಯರ್ ಕೋಟಿಗೆ ಅಂಟಿಕೊಂಡು ಗಾಜಿನಂಥ ತೆಳು ಪೊರೆಯಾಗಿ ಗಟ್ಟಿಯಾಗುತ್ತದೆ.

ಸೀಸೆಯ ಮೇಲೆ ‘9ಎಚ್’ ಎಂದು ಬರೆದಿರುತ್ತದೆ. ಸೇಲ್ಸ್‌ಮನ್ ಇದನ್ನು ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಎಂಬಂತೆ ವಿವರಿಸಿರುತ್ತಾನೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ವಜ್ರಕ್ಕೆ 10 ಎಂಬುದು ಶಾಲೆಯಲ್ಲಿ ಓದಿದ ನೆನಪಿರುವವರು ತಲೆಯಾಡಿಸಿಬಿಡುತ್ತಾರೆ. ಈ 9 ಆ 9 ಅಲ್ಲ. ಇದು ಪೆನ್ಸಿಲ್ ಪರೀಕ್ಷೆ. ಬಣ್ಣದ ಉದ್ಯಮದಲ್ಲಿ ಮೆತ್ತನೆಯ 6ಬಿಯಿಂದ ಗಟ್ಟಿ 9ಎಚ್‌ವರೆಗಿನ ಪೆನ್ಸಿಲ್‌ಗಳನ್ನು ನಿಗದಿತ ಭಾರದಲ್ಲಿ, 45 ಡಿಗ್ರಿ ಓರೆಯಾಗಿ ಬಣ್ಣದ ಮೇಲೆ ತಳ್ಳಿ, ಯಾವ ಪೆನ್ಸಿಲ್ಲಿನವರೆಗೆ ಗೀರು ಬೀಳುವುದಿಲ್ಲ ಎಂದು ನೋಡುತ್ತಾರೆ. 9ಎಚ್ ಎಂದರೆ ಪೆನ್ಸಿಲ್ಲಿನ ಕಡ್ಡಿಯಿಂದ ಲೇಪಕ್ಕೆ ಗೀರು ಬೀಳಲಿಲ್ಲ ಎಂದರ್ಥ. ನಿಮ್ಮ ಕಾರಿನ ಮೇಲೆ ಕೂರುವ ಧೂಳಿನಲ್ಲಿರುವುದು ಮರಳು, ಅಂದರೆ ಸ್ಫಟಿಕದ ಕಣ. ಮೋಸ್ ಅಳತೆಯಲ್ಲಿ ಅದಕ್ಕೆ 7, ಕಿಟಕಿ ಗಾಜಿಗೆ ಸುಮಾರು 5.5. ಗಾಜನ್ನೇ ಗೀರುವ ಕಣ ಈ ಪೊರೆಯನ್ನು ಬಿಟ್ಟೀತೇ? ಪೊರೆ ಎಷ್ಟೇ ಗಟ್ಟಿಯಿದ್ದರೂ ಅದರ ಕೆಳಗಿರುವುದು ಮೆತ್ತನೆಯ ಕ್ಲಿಯರ್ ಕೋಟ್. ಹಾಸಿಗೆಯ ಮೇಲೆ ಹಪ್ಪಳ ಹರಡಿ ಕೂತುಕೊಳ್ಳಿ ಎಂದ ಹಾಗೆ.

ಬಾನೆಟ್ಟಿನ ಮೇಲೆ ಲೈಟರ್ ಎಣ್ಣೆ ಸುರಿದು ಬೆಂಕಿ ಹಚ್ಚುವ ಆಟವನ್ನೂ ನೋಡಿರುತ್ತೀರಿ. ಎರಡು ಮೂರು ಸೆಕೆಂಡ್ ಉರಿದು ಆರುವ ಆ ಬೆಂಕಿಗೆ ಏನೂ ಹಚ್ಚದ ಕಾರ್ಖಾನೆ ಬಣ್ಣವೂ ಜಗ್ಗುವುದಿಲ್ಲ. 140 ಡಿಗ್ರಿ ಆಸುಪಾಸಿನ ಒಲೆಯಲ್ಲಿ ಬೆಂದು ಬಂದ ಬಣ್ಣ ಅದು. ಉರಿಯುವುದು ಎಣ್ಣೆಯ ಆವಿ, ತಗಡು ಬಿಸಿಯಾಗುವಷ್ಟರಲ್ಲಿ ಆಟ ಮುಗಿದಿರುತ್ತದೆ. ಮನೆಯಲ್ಲಿ ಮಾಡಿ ನೋಡಬೇಡಿ.

ಇಷ್ಟು ಹೇಳಿದ ಮೇಲೆ ಸೆರಾಮಿಕ್ ಸುಳ್ಳೇ ಎಂದು ಕೇಳಿದರೆ, ಅಲ್ಲ. ನನ್ನ ಅಂಗಡಿಯ ಕಾಂಪೌಂಡಿಗೆ ಒರಗಿಸಿ ಇಟ್ಟ ಒಂದು ಗುಜರಿ ಬಾನೆಟ್ ಇದೆ. ಕಪ್ಪು ಬಣ್ಣ. ನಡುವೆ ಟೇಪ್ ಅಂಟಿಸಿ ಬಲ ಅರ್ಧಕ್ಕೆ ಸೆರಾಮಿಕ್ ಹಚ್ಚಿ, ಎಡ ಅರ್ಧ ಹಾಗೇ ಬಿಟ್ಟು ಒಂದೂವರೆ ವರ್ಷ ಮಳೆ ಬಿಸಿಲಿಗೆ ಒಡ್ಡಿದೆ. ಗೀರು ಎರಡೂ ಕಡೆ ಒಂದೇ. ಆದರೆ ಕಾಗೆ ಕೃಪೆ ಮಾಡಿದ ಗುರುತು ಎಡಗಡೆ ಉಗುರಿಗೆ ತಗಲುವಷ್ಟು ಕೊರೆದಿದೆ, ಬಲಗಡೆ ಮಸುಕು ಕಲೆ ಮಾತ್ರ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಅದಕ್ಕೆ ಬಿಸಿಲು ಸೇರಿದರೆ ಆಯಿತು. ಏಪ್ರಿಲ್ ಮಧ್ಯಾಹ್ನದ ಕಡು ಬಣ್ಣದ ಬಾನೆಟ್ 70 ಡಿಗ್ರಿಯ ಹತ್ತಿರ ಹೋಗುತ್ತದೆ. ಮೆತ್ತಗಾದ ಕ್ಲಿಯರ್ ಕೋಟ್ ಸಂಜೆ ತಣ್ಣಗಾಗುತ್ತ ಒಣಗಿದ ಹಿಕ್ಕೆಯ ಆಕಾರಕ್ಕೇ ಬಿಗಿದುಕೊಳ್ಳುತ್ತದೆ. ಸೆರಾಮಿಕ್ ಇಲ್ಲಿ ನಿಮಗೆ ಕೊಡುವುದು ಸಮಯ. ಒಂದು ದಿನದಲ್ಲಿ ಕೊರೆಯುವುದು ಎರಡು ಮೂರು ದಿನ ತೆಗೆದುಕೊಳ್ಳುತ್ತದೆ, ಅಷ್ಟರೊಳಗೆ ನೀವು ತೊಳೆದರೆ ಬಚಾವು.

ನಿಮ್ಮ ಮಾವಿನ ಮರದ ವಿಷಯ ಬರುವುದೂ ಇಲ್ಲೇ. ಡಿಸೆಂಬರಿನಿಂದ ಹೂ ಬಿಡುವ ಕಾಲಕ್ಕೆ ಮರದಲ್ಲಿ ಜಿಗಿಹುಳು ಸೇರುತ್ತದೆ. ಹೂಗೊಂಚಲಿನ ರಸ ಹೀರಿ ಅದು ಉದುರಿಸುವ ಸಿಹಿಯಂಟು ಸಣ್ಣ ತುಂತುರಿನಂತೆ ಕಾರಿನ ಮೇಲೆ ಬೀಳುತ್ತದೆ, ಅದರ ಮೇಲೆ ಧೂಳು, ಆಮೇಲೆ ಕಾಡಿಗೆಯಂಥ ಬೂಷ್ಟು. ಹಣ್ಣಿನ ಕಾಲದಲ್ಲಿ ರಾತ್ರಿ ಬಾವಲಿಗಳ ಹಾಜರಿ. ಸೆರಾಮಿಕ್ ಆದ ಮೈಯಿಂದ ಈ ಅಂಟು ನೀರಿನ ರಭಸಕ್ಕೇ ಬಹುಪಾಲು ಬಿಟ್ಟುಕೊಡುತ್ತದೆ. ಬರಿಯ ಬಣ್ಣದ ಮೇಲಾದರೆ ಉಜ್ಜಬೇಕು, ಉಜ್ಜಿದಲ್ಲಿ ಗೀರು. ತೊಳೆಯುವುದು ಸುಲಭವಾಗುತ್ತದೆ ಎಂಬುದೇ ಈ ಕೋಟಿಂಗಿನ ನಿಜವಾದ ಗುಣ. ಉಳಿದದ್ದೆಲ್ಲ ಅದರ ಸುತ್ತ ಕಟ್ಟಿದ ಮಂಟಪ.

ನೀರು ಮುತ್ತಿನಂತೆ ಉರುಳುತ್ತದೆ ಎಂಬುದೂ ನಿಜ. ಅದರಲ್ಲೊಂದು ಕೊಕ್ಕೆಯಿದೆ. ಉರುಳದೆ ಉಳಿದ ಹನಿ ಬಿಸಿಲಿಗೆ ಒಣಗಿದರೆ ನೀರಿನ ಸುಣ್ಣದಂಶ ಆ ಪುಟ್ಟ ವೃತ್ತದಲ್ಲೇ ಗಟ್ಟಿಯಾಗಿ ಬಿಳಿ ಕಲೆ ಬೀಳುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ತೊಳೆದ ಕಾರುಗಳಲ್ಲಿ ಇದು ನಿತ್ಯದ ದೂರು. ನಿಮ್ಮಲ್ಲಿ ಮುರಕಲ್ಲಿನ ಬಾವಿಯ ನೀರಿದ್ದರೆ ಅದು ಸಾಮಾನ್ಯವಾಗಿ ಮೃದು, ಆ ಮಟ್ಟಿಗೆ ಪುಣ್ಯವಂತರು. ಆದರೂ ತೊಳೆದ ಮೇಲೆ ಒರೆಸಿಯೇ ಬಿಡಬೇಕು.

ಬಾಳಿಕೆಯ ಬಗ್ಗೆ: ‘ಐದು ವರ್ಷ ಗ್ಯಾರಂಟಿ’ ಎಂಬ ಕಾರ್ಡಿನ ಹಿಂಬದಿ ಓದಿ. ಆರು ತಿಂಗಳಿಗೊಮ್ಮೆ ಅವರಲ್ಲೇ ಹಣ ಕೊಟ್ಟು ‘ಮೇಂಟೆನೆನ್ಸ್’ ಮಾಡಿಸಬೇಕು, ಒಂದು ತಪ್ಪಿದರೂ ಗ್ಯಾರಂಟಿ ರದ್ದು ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಹಕ್ಕಿ ಹಿಕ್ಕೆ, ನೀರಿನ ಕಲೆ, ಗೀರು ಮೂರನ್ನೂ ಹೊರಗಿಟ್ಟ ಕಾರ್ಡುಗಳನ್ನು ನೋಡಿದ್ದೇನೆ. ಮತ್ತೆ ಗ್ಯಾರಂಟಿ ಯಾವುದಕ್ಕೆ ಎಂದು ಕೇಳಿದರೆ ಉತ್ತರವಿಲ್ಲ. ಬಯಲಲ್ಲಿ ನಿಲ್ಲುವ ಕಾರಿಗೆ ಒಳ್ಳೆಯ ಕೋಟಿಂಗ್ ಎರಡು ವರ್ಷ ಸರಿಯಾಗಿ ಕೆಲಸ ಮಾಡಿದರೆ ನಾನು ಸಮಾಧಾನಪಡುತ್ತೇನೆ.

ಇನ್ನೊಂದು ಒಳಗುಟ್ಟು. ಕೋಟಿಂಗ್ ಮಾಡಿಸಿಕೊಂಡು ಹೊರಬಂದ ಕಾರಿನ ಮಿಂಚಿಗೆ ಮುಖ್ಯ ಕಾರಣ ಕೋಟಿಂಗ್ ಅಲ್ಲ, ಅದಕ್ಕೆ ಮೊದಲು ಮಷೀನಿನಿಂದ ಮಾಡಿದ ಪಾಲಿಶ್. ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನು ಒಂದೆರಡು ಮೈಕ್ರಾನ್ ಸವೆಸಿ ಸಮ ಮಾಡುವುದು. ಅದೇ ಆಸ್ತಿಯಿಂದ ತೆಗೆದ ಖರ್ಚು. ಹೊಚ್ಚಹೊಸ ಕಾರಿಗೆ ಅದು ಬಹುಮಟ್ಟಿಗೆ ಬೇಕಾಗಿಯೇ ಇಲ್ಲ, ಶೋರೂಮಿನವರು ತೊಳೆಯುವಾಗ ಹಾಳು ಮಾಡದಿದ್ದರೆ.

ಹಾಳು ಮಾಡುವವರ ಮಾತು ಬಂದಿದ್ದರಿಂದ ಹೇಳುತ್ತೇನೆ. ಕಾರಿನ ಬಣ್ಣದ ದೊಡ್ಡ ಶತ್ರು ಉಪ್ಪೂ ಅಲ್ಲ, ಬಿಸಿಲೂ ಅಲ್ಲ, ಬಟ್ಟೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳಿಗ್ಗೆ ಆರಕ್ಕೆ ಒಂದು ಬಕೆಟ್, ಒಂದು ಬಟ್ಟೆ ಹಿಡಿದು ಇಪ್ಪತ್ತು ಕಾರು ಒರೆಸುವುದನ್ನು ನೋಡಿ. ಮೊದಲ ಕಾರಿನ ಮರಳು ಕೊನೆಯ ಕಾರಿನವರೆಗೂ ಪ್ರಯಾಣ ಮಾಡುತ್ತದೆ. ಪಾಪ, ಒರೆಸುವವರ ತಪ್ಪೇನಿಲ್ಲ, ಅವರಿಗೆ ಸಿಗುವ ಸಂಬಳಕ್ಕೆ ಇಪ್ಪತ್ತು ಬಕೆಟ್ ನೀರು ಹೊರಲಾಗದು. ಕಡುನೀಲಿಯ ಮೇಲೆ ಆ ಜೇಡರಬಲೆಯಂಥ ಸುತ್ತುಗೀರುಗಳು ಬೇರೆಲ್ಲ ಬಣ್ಣಕ್ಕಿಂತ ಎದ್ದು ಕಾಣುತ್ತವೆ. ಒಣಗಿದ ಧೂಳನ್ನು ಒಣಬಟ್ಟೆಯಿಂದ ಮುಟ್ಟಲೇಬೇಡಿ. ಮೊದಲು ಪೈಪಿನ ನೀರಿನಿಂದ ಧೂಳು ಇಳಿಸಿ, ಆಮೇಲೆ ಕಾರಿನ ಶಾಂಪೂ ನೀರಿಗೊಂದು, ಬಟ್ಟೆ ಅಲುಬಲು ಇನ್ನೊಂದು, ಹೀಗೆ ಎರಡು ಬಕೆಟ್ ಇಟ್ಟುಕೊಳ್ಳಿ. ಪಾತ್ರೆ ತೊಳೆಯುವ ಸೋಪು ಬೇಡ. ಒಳ್ಳೆಯ ಮೈಕ್ರೋಫೈಬರ್ ಬಟ್ಟೆಗಳು, ಶಾಂಪೂ, ಎರಡನೆಯ ಬಕೆಟ್ ಎಲ್ಲ ಸೇರಿ ಎರಡು ಸಾವಿರ ರೂಪಾಯಿ ದಾಟದು. ಇದನ್ನು ಮಾಡದವರು 34,000ದ ಸೆರಾಮಿಕ್ ಹಾಕಿಸಿದರೂ ವರ್ಷದೊಳಗೆ ಜೇಡರಬಲೆ ಖಾತ್ರಿ.

ಟೆಫ್ಲಾನಿಗೆ ಹೆಚ್ಚು ಹೊತ್ತು ಬೇಡ. ನಿಜವಾದ ಟೆಫ್ಲಾನ್ ದೋಸೆ ಕಾವಲಿಗೆ ಅಂಟುವುದು 327 ಡಿಗ್ರಿಗೂ ಮೀರಿದ ಉಷ್ಣದಲ್ಲಿ ಕರಗಿಸಿದಾಗ. ಕಾರಿನ ಬಣ್ಣಕ್ಕೆ ಅಷ್ಟು ಬಿಸಿ ಕೊಟ್ಟರೆ ಬಣ್ಣವೇ ಉಳಿಯದು. ಆ ಹೆಸರಿನಲ್ಲಿ ಹಚ್ಚುವುದು ಒಂದು ಬಗೆಯ ಪಾಲಿಶ್, ಮೂರು ನಾಲ್ಕು ತಿಂಗಳಿನ ಮಿಂಚು. ಅದಕ್ಕಿಂತ ಏಳೆಂಟು ನೂರರ ಒಂದು ಡಬ್ಬಿ ವ್ಯಾಕ್ಸ್ ತಂದು ಮೂರು ತಿಂಗಳಿಗೊಮ್ಮೆ ಭಾನುವಾರ ನೀವೇ ಹಚ್ಚಿ.

ಪಿಪಿಎಫ್ ಬೇರೆ ಜಾತಿಯದು. ಅದು 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಯುರಿಥೇನ್ ಹಾಳೆ, ಕಾರಿನ ಇಡೀ ಬಣ್ಣಕ್ಕಿಂತ ದಪ್ಪ. ಲಾರಿಯ ಚಕ್ರದಿಂದ ಸಿಡಿದ ಕಲ್ಲನ್ನು ತಡೆಯುವ ತಾಕತ್ತಿರುವುದು ಈ ಎಲ್ಲದರಲ್ಲಿ ಇದೊಂದಕ್ಕೇ. ಸಣ್ಣ ಗೀರುಗಳು ಬಿಸಿಲಿಗೆ ತಾವಾಗಿ ಮಾಯುವುದೂ ನಿಜ. ಆದರೆ ಇದೇ ಹೆಸರಿನಲ್ಲಿ ಅಗ್ಗದ ಪಿವಿಸಿ ಹಾಳೆ ಮಾರುವವರಿದ್ದಾರೆ. ಅದು ನಮ್ಮ ಬಿಸಿಲಿಗೆ ಹಳದಿಯಾಗಿ, ತೆಗೆಯುವಾಗ ಚೂರುಚೂರಾಗಿ ಅಂಟು ಬಿಟ್ಟು ಹೋಗುತ್ತದೆ. ಎರಡನೆಯ ಅಪಾಯ ಬ್ಲೇಡ್. ಕಾರಿನ ಮೇಲೆಯೇ ಹಾಳೆ ಕತ್ತರಿಸುವ ಅವಸರದ ಕೈ ಕ್ಲಿಯರ್ ಕೋಟಿನಲ್ಲಿ ಗೆರೆ ಎಳೆಯುತ್ತದೆ, ಉಪ್ಪುಗಾಳಿಗೆ ನೀವೇ ಬಾಗಿಲು ತೆರೆದಂತೆ. ಕಂಪ್ಯೂಟರಿನಲ್ಲಿ ನಿಮ್ಮ ಮಾಡೆಲ್ಲಿಗೆ ಸರಿಯಾಗಿ ಮೊದಲೇ ಕತ್ತರಿಸಿ ತರುವವರನ್ನೇ ಕೇಳಿ. ಮೂರನೆಯದು ವಿಮೆ: ಡಿಕ್ಕಿಯಾಗಿ ಬಂಪರ್ ಬದಲಿಸಿದರೆ ಅದರ ಮೇಲಿನ ಹಾಳೆಯ ಹಣ ಸಿಗುತ್ತದೆಯೇ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿಕೊಳ್ಳಿ. ಬಾಯಿಮಾತಿನ ‘ಸಿಗುತ್ತದೆ ಸಾರ್’ ಕ್ಲೇಮಿನ ದಿನ ಕೆಲಸಕ್ಕೆ ಬರುವುದಿಲ್ಲ.

ಇಡೀ ಕಾರಿಗೆ ಒಂದೂವರೆ ಲಕ್ಷ ಹಾಕುವುದು ನಿಮ್ಮ ಬಳಕೆಗೆ ದಂಡ ಎಂದೇ ನನ್ನ ಅಭಿಪ್ರಾಯ. ಒಳ್ಳೆಯ ಕಡೆ ಒಂದು ಪ್ಯಾನಲ್‌ಗೆ ಬಣ್ಣ ಹೊಡೆಸಲು ಐದಾರು ಸಾವಿರ. ಆ ದುಡ್ಡಿನಲ್ಲಿ ಎಷ್ಟು ಪ್ಯಾನಲ್ ಆದೀತು, ಲೆಕ್ಕ ಹಾಕಿ. ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು: ನಾವು ಗ್ಯಾರೇಜಿನಲ್ಲಿ ಬೇಯಿಸುವುದು 60 ಡಿಗ್ರಿಯಲ್ಲಿ, ಕಾರ್ಖಾನೆಯ ಬಣ್ಣದ ಗಟ್ಟಿತನ ಅದಕ್ಕೆ ಬಾರದು. ಆದ್ದರಿಂದ ಮೂಲ ಬಣ್ಣ ಉಳಿಸಿಕೊಳ್ಳುವ ಆಸೆ ಹುಚ್ಚಲ್ಲ. ತಿಂಗಳಿಗೊಮ್ಮೆ ಶಿರಾಡಿ ಹತ್ತಿಳಿಯುವ ಕಾರಿಗೆ ಕಲ್ಲು ಬಡಿಯುವುದು ಮುಂಬಂಪರ್, ಬಾನೆಟ್ಟಿನ ಮುಂತುದಿ, ಕನ್ನಡಿಗಳ ಬೆನ್ನು, ಹಿಂಬಾಗಿಲ ಹಿಂದಿನ ಚಕ್ರದ ಕಮಾನು. ಅಷ್ಟಕ್ಕೆ ಮಾತ್ರ ಹಾಕಿಸಿದರೆ 25,000ದಿಂದ 40,000ದೊಳಗೆ ಮುಗಿಯಬೇಕು. ಬಾಗಿಲ ಹಿಡಿಯ ಬಟ್ಟಲಿಗೂ ಒಂದು ತುಂಡು ಕೇಳಿ, ಉಗುರಿನ ಗೀರು ಮೊದಲು ಬೀಳುವುದು ಅಲ್ಲೇ.

ನಿಮ್ಮ ಜಾಗದಲ್ಲಿ ನಾನಿದ್ದರೆ ಟೆಫ್ಲಾನ್ ಬಿಡುತ್ತೇನೆ. ಶೋರೂಮಿನ ಸೆರಾಮಿಕ್ ಬೇಡವೆನ್ನುತ್ತೇನೆ. ಅಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಹೊರಗಿನಿಂದ ಕರೆಸಿದವರು, ಅದೇ ದರ್ಜೆಯದು ಹೊರಗೆ 15,000ದಿಂದ 20,000ಕ್ಕೆ ಸಿಗುತ್ತದೆ. ಮೊದಲು ಅಂಗಳದಲ್ಲಿ ಕಾರಿಗೆ ಒಂದು ತಗಡಿನ ಮಾಡು ಹಾಕಿಸುತ್ತೇನೆ, ಮಾವಿನ ಮರದ ಹನಿಗೂ ಬಾವಲಿಗೂ ಅದೇ ಉತ್ತರ. ಮರ ಕಡಿಯುವ ಯೋಚನೆ ಯಾರಾದರೂ ಹೇಳಿದರೆ ಕೇಳಬೇಡಿ. ಕಾರಿಗೆ ಹೊದಿಸುವ ಕವರ್ ಕೂಡ ಬೇಡ: ಗಾಳಿಗೆ ಪಟಪಟ ಬಡಿದು ಧೂಳನ್ನು ತಿಕ್ಕುತ್ತದೆ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಿಮ್ಮೂರಿನಲ್ಲಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಾಡು ಹಾಕಲಾಗದಿದ್ದರೆ, ಅಥವಾ ಕಡುನೀಲಿಯ ಆಳವಾದ ಮಿಂಚು ನಿಮಗೆ ಸಂತೋಷ ಕೊಡುವುದಾದರೆ, ಸೆರಾಮಿಕ್ ಹಾಕಿಸಿ. ಸಂತೋಷಕ್ಕೆಂದು ಖರ್ಚು ಮಾಡುವುದು ತಪ್ಪಲ್ಲ, ತುಕ್ಕಿನ ಭಯಕ್ಕೆಂದು ಮಾಡುವುದು ತಪ್ಪು. ಉಳಿದ ದುಡ್ಡಿನಲ್ಲಿ ಕ್ಯಾವಿಟಿ ವ್ಯಾಕ್ಸ್, ಮುಂಭಾಗಕ್ಕೆ ಪಿಪಿಎಫ್. ಬಾನೆಟ್ಟಿಗೆ ಎರಡೂ ಮಾಡಿಸುವುದಾದರೆ ಮೊದಲು ಹಾಳೆ, ಅದರ ಮೇಲೆ ಸೆರಾಮಿಕ್. ತಿರುಗಾಮುರುಗಾ ಆದರೆ ಹಾಳೆಯ ಅಂಟು ಹಿಡಿಯದು.

ಕಾರು ಕೈಗೆ ಬರುವ ದಿನಕ್ಕೆ ಎರಡು ಕೆಲಸ. ಡೆಲಿವರಿಗೆ ಮುಂಚೆ ಪಾಲಿಶ್ ಮಾಡಬೇಡಿ, ಒಣಬಟ್ಟೆಯಲ್ಲಿ ಒರೆಸಬೇಡಿ ಎಂದು ಇವತ್ತೇ ಹೇಳಿಡಿ, ಆಮೇಲೆ ಮೊಬೈಲಿನ ಟಾರ್ಚ್ ಹಿಡಿದು ಬಾನೆಟ್ಟನ್ನು ಓರೆಯಾಗಿ ನೋಡಿ. ಎರಡನೆಯದಾಗಿ, ಬಾಗಿಲಿನ ಅಡಿಯಲ್ಲಿರುವ ನೀರು ಹೋಗುವ ತೂತುಗಳನ್ನು ತೋರಿಸಲು ಕೇಳಿ. ಸೇಲ್ಸ್‌ಮನ್‌ಗೆ ಗೊತ್ತಿರಲಾರದು. ಸರ್ವಿಸ್ ವಿಭಾಗದಲ್ಲಿ ಹಳೆಯ ಮೆಕ್ಯಾನಿಕ್ ಯಾರಾದರೂ ಇದ್ದರೆ ಬಗ್ಗಿ ತೋರಿಸಿಯಾರು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದಕ್ಕೆ ಒಂದು ಹಂಚಿಕಡ್ಡಿ ಆಡಿಸಿದರೆ ಸಾಕು. ಮಳೆ ನಿಂತ ಅಕ್ಟೋಬರಿನಲ್ಲಿ ಒಮ್ಮೆ ಕಾರನ್ನು ಲಿಫ್ಟಿಗೇರಿಸಿ ತಳವನ್ನು ಸಿಹಿನೀರಿನಲ್ಲಿ ತೊಳೆಸಿ, ಚಕ್ರದ ಕಮಾನಿನ ಒಳಮಡಿಕೆಗೆ ಬೆರಳು ಹಾಕಿ ಮಣ್ಣು ಉಳಿದಿಲ್ಲವೆಂದು ನೋಡಿಕೊಂಡೇ ಹಣ ಕೊಡಿ.